ಗಸಗಸೆಯಷ್ಟು ಕನ್ನಡಿ, ನೂಲಿಲ್ಲದ ಮಗ್ಗ

ಭಾನುವಾರ ಬೆಳಿಗ್ಗೆ ಗಡಹಿಂಗ್ಲಜದಿಂದ ಇಚಲಕರಂಜಿಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಅದೇ ನನ್ನ ವಾರದ ದೊಡ್ಡ ಸುಖ. ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ಇರುತ್ತದೆ. ಮಗಳು ಹಿಂದೆ ಶಾಲೆಗೆ ಒಯ್ಯುತ್ತಿದ್ದ ಊಟದ ಡಬ್ಬಿ ಅದು. ಎರಡೂ ಕೈಯಿಂದ ಹಿಡಿದುಕೊಂಡು, ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಅದನ್ನು ತುಸು ಮೇಲೆತ್ತುತ್ತೇನೆ. ಇದನ್ನು ನೋಡಿ ಪಕ್ಕದ ಸೀಟಿನವರಿಗೆ ಸುಮ್ಮನಿರಲು ಆಗುವುದಿಲ್ಲ.

“ಡಬ್ಯಾಗ ಏನೈತ್ರಿ ಬಾಯಾರ?”

“ಕನ್ನಡಿ ಐತ್ರಿ.”

“ಇಷ್ಟ ಸಣ್ಣ ಡಬ್ಯಾಗ ಕನ್ನಡಿ? ಮಾರಿ ಕಾಣತೈತೇನ್ರಿ ಅದರಾಗ?”

“ಇಲ್ರಿ. ಕನ್ನಡೀನ ಕಣ್ಣಿಗೆ ಸರಿಯಾಗಿ ಕಾಣೂದಿಲ್ಲ.”

“ಅಯ್ಯ ಶಿವನ! ಹಂಗಾರ ಅದನ್ನ ಇಟ್ಕೊಂಡ ಏನ್ ಮಾಡ್ತೀರಿ?”

ಮೊದಮೊದಲು ಹುಮ್ಮಸ್ಸಿನಿಂದ ವಿವರಿಸುತ್ತಿದ್ದೆ. ಸಂಕೇಶ್ವರ ಬರುವಷ್ಟರಲ್ಲಿ ಕೇಳಿದವರು ನಿದ್ದೆ ಹೋಗಿರುತ್ತಿದ್ದರು. ಈಗ “ಕಾಲೇಜಿನ ಸಾಮಾನ್ರಿ” ಎಂದು ನಾನೇ ಕಣ್ಣು ಮುಚ್ಚುತ್ತೇನೆ. ದಣಿವು ನಿಜದ್ದೇ ಆದ್ದರಿಂದ ನಟಿಸುವ ಅಗತ್ಯ ಬೀಳುವುದಿಲ್ಲ.

ಬರೆಯುವಾಗ ಯಾರೂ ನಿದ್ದೆ ಹೋಗುವುದು ಕಾಣುವುದಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ನಾನು ಮಾಡುವ ಕನ್ನಡಿ ಗಸಗಸೆ ಕಾಳಿಗಿಂತ ಚಿಕ್ಕದು. ಅದನ್ನು ಕೂದಲಿಗಿಂತ ತೆಳುವಾದ ಒಂದು ಪಟ್ಟಿಯ ಮೇಲೆ ಅಂಟಿಸುತ್ತೇನೆ. ಪಟ್ಟಿ ಬಳುಕಿದರೆ ಕನ್ನಡಿಯೂ ಹಿಂದೆ ಮುಂದೆ ಅಲುಗುತ್ತದೆ. ಇದರೆದುರು ಇನ್ನೊಂದು ದೊಡ್ಡ ಕನ್ನಡಿಯನ್ನು ಅಲುಗದಂತೆ ನಿಲ್ಲಿಸಿ, ನಡುವೆ ಲೇಸರ್ ಬೆಳಕು ಬಿಟ್ಟರೆ ಬೆಳಕು ಎರಡರ ನಡುವೆ ಸಾವಿರಾರು ಸಲ ಓಡಾಡುತ್ತದೆ. ಬೆಳಕಿಗೆ ತೂಕವಿಲ್ಲ, ಆದರೆ ತಳ್ಳುವ ಗುಣವಿದೆ. ಬಂದು ಬಡಿದಾಗಲೆಲ್ಲ ಆ ಪುಟ್ಟ ಕನ್ನಡಿಯನ್ನು ಇಷ್ಟಿಷ್ಟೇ ತಳ್ಳುತ್ತದೆ. ಹೀಗೆ ತಳ್ಳಿ ತಳ್ಳಿಯೇ ಕನ್ನಡಿಯ ನಡುಕವನ್ನು ಕಡಿಮೆ ಮಾಡುತ್ತ ಹೋಗಬಹುದು. ಎಷ್ಟು ಕಡಿಮೆ ಎಂದರೆ, ನಿಸರ್ಗವೇ ಇನ್ನು ಸಾಕು, ಇದಕ್ಕಿಂತ ಸುಮ್ಮನಿರಲು ಯಾವ ವಸ್ತುವಿಗೂ ಆಗದು ಎನ್ನುವ ಕೊನೆಯ ಮೆಟ್ಟಿಲಿನವರೆಗೆ. ಆ ಕೊನೆಯ ಕೆಲಸ ನನ್ನದಲ್ಲ. ಅದನ್ನು ದೂರದ ಊರಿನ ಒಂದು ದೊಡ್ಡ ಪ್ರಯೋಗಾಲಯದವರು ಮಾಡುತ್ತಾರೆ. ನನ್ನದು ಕನ್ನಡಿ ಅಂಟಿಸಿ, ಪರೀಕ್ಷಿಸಿ, ಊಟದ ಡಬ್ಬಿಯಲ್ಲಿ ಹಾಕಿ ಕೊಡುವ ಕೆಲಸ.

ಅವರು ನನಗೆ ಒಂದು ಲೇಸರ್, ಒಂದು ಪಂಪು ಎರವಲು ಕೊಟ್ಟಿದ್ದರು. ಶರತ್ತು ಒಂದೇ: ಈ ಶೈಕ್ಷಣಿಕ ವರ್ಷದೊಳಗೆ ಒಂದು ಜೋಡಿ ಕನ್ನಡಿ ಬೇಕು. ಒಂದೇ ತರಹದ ಎರಡು. ಒಂದು ಅಲುಗಿದ್ದು ಬೆಳಕಿನ ಮೂಲಕ ಇನ್ನೊಂದಕ್ಕೆ ಗೊತ್ತಾಗುತ್ತದೆಯೇ ಎಂದು ನೋಡುವುದು ಅವರ ಪ್ರಯೋಗ. ಜೋಡಿ ಸಿದ್ಧವಾಗದಿದ್ದರೆ ಸಾಮಾನು ವಾಪಸ್ಸು. ಹೆಸರಿಗೆ ನಾನು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಲೋಲಕದ ಪ್ರಯೋಗವನ್ನು ಮಕ್ಕಳಿಗೆ ಎಷ್ಟು ವರ್ಷದಿಂದ ಮಾಡಿಸುತ್ತಿದ್ದೇನೆಂದರೆ ನನ್ನ ಕುತ್ತಿಗೆಯೇ ಆ ಲಯದಲ್ಲಿ ಆಡುತ್ತದೆ. ಐವತ್ತರ ಹತ್ತಿರ ಬಂದ ಮೇಲೆ ಸಿಕ್ಕ ಮೊದಲ ನಿಜವಾದ ಕೆಲಸ ಇದು. ಇದು ಕೈಬಿಟ್ಟರೆ ಇನ್ನೊಂದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಕಾಲೇಜಿನಲ್ಲಿ ಈ ಕೆಲಸಕ್ಕೆ ಜಾಗವಿರಲಿಲ್ಲ. ಹಾಗಾಗಿ ಇಚಲಕರಂಜಿಯ ತವರುಮನೆಯಲ್ಲಿ ಅಪ್ಪ ಕಟ್ಟಿಸಿದ್ದ ನೂಲಿನ ಖೋಲಿಯನ್ನು ಅಣ್ಣನಿಂದ ಕೇಳಿ ಪಡೆದೆ. ಕಲ್ಲಿನ ಗೋಡೆ, ಕಿಟಕಿ ಇಲ್ಲ, ಬೇಸಿಗೆಯಲ್ಲೂ ತಂಪು. ಮೂಲೆಮೂಲೆಯಲ್ಲಿ ಹತ್ತಿಯ ದೂಳು ಕೂತಿತ್ತು. ಅದನ್ನೆಲ್ಲ ಗುಡಿಸಿ ತೆಗೆದು, ಸುಣ್ಣದ ಬದಲು ಆಯಿಲ್ ಪೇಂಟು ಹೊಡೆಸಿ, ಗೋಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಕಡಪಾ ಕಲ್ಲಿನ ಮೇಜು ಬಂತು. ಕನ್ನಡಿ ಹಿಡಿಯುವ ಹಿತ್ತಾಳೆಯ ಚೌಕಟ್ಟುಗಳನ್ನು ಕೊಲ್ಹಾಪುರದ ಒಂದು ಲೇಥಿನಂಗಡಿಯಲ್ಲಿ ಮಾಡಿಸಿದೆ. ಆ ಅಂಗಡಿಯವರು ಪ್ರತಿಸಲವೂ “ಮ್ಯಾಡಮ್, ಇದಕ್ಕಿಂತ ಸ್ವಲ್ಪ ದೊಡ್ಡದಿದ್ರ ನಡೀತಿತ್ತಲ್ರಿ?” ಎನ್ನುತ್ತಿದ್ದರು. ಪ್ರತಿಸಲವೂ ನಡೆಯುವುದಿಲ್ಲವೆಂದು ಹೇಳಿ ಮುಂದಿನ ಬಸ್ಸು ಹಿಡಿಯುತ್ತಿದ್ದೆ.

ಅಂಟಿಸುವುದು ಹೀಗೆ. ಮೈಕ್ರೋಸ್ಕೋಪಿನ ಕೆಳಗೆ ಪಟ್ಟಿಯನ್ನಿಟ್ಟು, ಅದರ ತುದಿಗೆ ಅಂಟಿನ ಒಂದು ಹನಿ. ಹನಿ ಎನ್ನುವುದೂ ಹೆಚ್ಚಾಯಿತು. ಹಲ್ಲುಕಡ್ಡಿಯ ತುದಿಗೆ ಕಣ್ಣರೆಪ್ಪೆಯ ಒಂದು ಕೂದಲನ್ನು ಕಟ್ಟಿಕೊಂಡಿರುತ್ತೇನೆ. ನನ್ನದೇ ಕೂದಲು. ಅದರ ತುದಿಗೆ ತಾಗಿದಷ್ಟೇ ಅಂಟು. ಅಂಟು ಒಂದಿಷ್ಟು ಹೆಚ್ಚಾದರೆ ಪಟ್ಟಿ ಭಾರವಾಗಿ ಕೆಡುತ್ತದೆ, ಕಡಿಮೆಯಾದರೆ ಕನ್ನಡಿ ಜಾರುತ್ತದೆ. ಆಮೇಲೆ ಇನ್ನೊಂದು ಕೂದಲಿನಿಂದ ಕನ್ನಡಿಯನ್ನು ತಳ್ಳುತ್ತ ತಂದು, ಹನಿಯ ಮೇಲೆ ಕೂರಿಸಿ, ನೇರಳೆ ಬೆಳಕು ಬಿಟ್ಟರೆ ಅಂಟು ಗಟ್ಟಿಯಾಗುತ್ತದೆ. ಕೂರಿಸುವ ಆ ಕ್ಷಣದಲ್ಲಿ ಕೈ ನಡುಗಿದರೆ ಎಲ್ಲ ಮುಗಿಯಿತು. ನನ್ನ ಕೈ ನಡುಗುತ್ತಿರಲಿಲ್ಲ. ನನ್ನ ಬಗ್ಗೆ ನನಗಿದ್ದ ಸಣ್ಣ ಸೊಕ್ಕು ಅದೊಂದೇ.

ತೊಂದರೆ ಇದ್ದದ್ದು ಪರೀಕ್ಷೆಯಲ್ಲಿ. ಅಂಟಿಸಿದ ಕನ್ನಡಿಯನ್ನು ಉಕ್ಕಿನ ಡಬ್ಬಿಯೊಳಗಿಟ್ಟು, ಗಾಳಿಯನ್ನೆಲ್ಲ ಎಳೆದು ತೆಗೆದು, ಬೆಳಕಿನಿಂದ ಒಂದು ಸಣ್ಣ ತಟ್ಟು ಕೊಡಬೇಕು. ಒಳ್ಳೆಯ ಕನ್ನಡಿ ಗುಡಿಯ ಗಂಟೆ ಗುಂಯ್‌ಗುಟ್ಟಿದ ಹಾಗೆ ತನ್ನಷ್ಟಕ್ಕೆ ಬಹಳ ಹೊತ್ತು ಅಲುಗುತ್ತ, ನಿಧಾನವಾಗಿ ಇಳಿಯುತ್ತದೆ. ಪರದೆಯ ಮೇಲೆ ಒಂದು ನೇರ ಇಳಿಜಾರಿನ ಗೆರೆ ಬರಬೇಕು. ನನಗೆ ಬಂದದ್ದು ಕೋಳಿ ಕೆದರಿದಂಥ ಗೆರೆ. ಬೆಳಕು ಎರಡು ಕನ್ನಡಿಗಳ ನಡುವೆ ನಿಂತೇ ನಿಲ್ಲದು. ಹಿಡಿದೆ ಅನ್ನುವಷ್ಟರಲ್ಲಿ ತಪ್ಪಿಹೋಗುತ್ತಿತ್ತು.

ಅಂಟು ಬದಲಿಸಿದೆ. ಪಟ್ಟಿ ಬದಲಿಸಿದೆ. ಪಂಪಿನ ಕಾಲಿಗೆ ರಬ್ಬರು, ರಬ್ಬರಿನ ಕೆಳಗೆ ಉಸುಕಿನ ಚೀಲ, ಮೇಜಿನ ಕೆಳಗೆ ಸ್ಕೂಟರಿನ ಹಳೆಯ ಟ್ಯೂಬು. ಓಣಿಯ ತುದಿಯ ಹಿಟ್ಟಿನ ಗಿರಣಿಯ ಮೇಲೆ ಸಂಶಯಪಟ್ಟು, ಅದು ಮುಚ್ಚಿದ ಹೊತ್ತಿನಲ್ಲಿ ಅಳೆದೆ. ಅವ್ವ ಒರಳಲ್ಲಿ ಚಟ್ನಿ ಕುಟ್ಟುವುದನ್ನು ನಿಲ್ಲಿಸಿದೆ. “ಒಣಾ ರೊಟ್ಟಿ ತಿನ್ನು ಹಂಗಾರ” ಎಂದು ಅವ್ವ ಸಿಟ್ಟಾದಳು. ನಾನು ಕಾಲುಚೀಲ ಹಾಕಿಕೊಂಡು ಬೆಕ್ಕಿನ ಹಾಗೆ ಓಡಾಡಿದೆ. ಬೇಸಿಗೆ ಮುಗಿಯಿತು, ಮಳೆಗಾಲವೂ ಅರ್ಧವಾಯಿತು. ಗೆರೆ ಸುಧಾರಿಸಲಿಲ್ಲ. ಕನ್ನಡಿಯೇ ಕೆಟ್ಟದು, ಅದನ್ನು ಮಾಡಿದ ನಾನೇ ಕೆಟ್ಟವಳು ಎನ್ನುವಲ್ಲಿಗೆ ಬಂದು ನಿಂತಿದ್ದೆ. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟುಕೊಂಡು, ಯಾರಾದರೂ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರೆ ಅತ್ತೇಬಿಡುತ್ತೇನೋ ಎಂದು ಹೆದರುತ್ತಿದ್ದೆ.

ಶ್ರಾವಣದ ಒಂದು ಭಾನುವಾರ ಆ ದೊಡ್ಡ ಪ್ರಯೋಗಾಲಯದಿಂದ ಒಬ್ಬಳು ವಿಜ್ಞಾನಿ ನೋಡಲು ಬಂದಳು. ನನಗಿಂತ ಬಹಳ ಚಿಕ್ಕವಳು, ಮರಾಠಿ ಮಾತಿನವಳು. ಚಪ್ಪಲಿ ಬಿಟ್ಟು ಖೋಲಿಯೊಳಗೆ ಬಂದಳು. ಬಂದವಳೇ ಎರಡೂ ಕಿವಿ ಮುಚ್ಚಿಕೊಂಡಳು.

“ಮ್ಯಾಡಮ್, ಹಾ ಆವಾಜ ಕಸಲಾ?”

“ಯಾವ ಸದ್ದು?” ಎಂದೆ ನಾನು.

ಅವಳು ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ನಿಜಕ್ಕೂ ಕಿವಿಗೊಟ್ಟೆ. ಆಗ ಕೇಳಿಸಿತು. ಗೋಡೆಯ ಆಚೆ ಅಣ್ಣನ ಶೆಡ್ಡು. ಅದರಲ್ಲಿ ಅಪ್ಪನ ಕಾಲದಿಂದ ಓಡುತ್ತಿರುವ ಪವರ್‌ಲೂಮುಗಳು, ನಮ್ಮ ಮಾತಿನಲ್ಲಿ ಮಗ್ಗ. ಖಟ್ ಖಟ್ ಖಟ್ ಎಂದು ಲಾಳಿ ಈ ತುದಿಯಿಂದ ಆ ತುದಿಗೆ ಬಡಿಯುತ್ತ, ನೆಲವನ್ನೂ ಗೋಡೆಯನ್ನೂ ನನ್ನ ಕಡಪಾ ಕಲ್ಲನ್ನೂ ಅಲುಗಿಸುತ್ತಿತ್ತು. ಕೂದಲೆಳೆಗಿಂತ ಸಣ್ಣ ಅಲುಗಾಟಕ್ಕೆ ಕೆಡುವ ಕನ್ನಡಿಯನ್ನು ನಾನು ಇಪ್ಪತ್ತಾರು ಮಗ್ಗಗಳ ಪಕ್ಕ ಇಟ್ಟುಕೊಂಡು, ಚಟ್ನಿ ಕುಟ್ಟಿದ ಅವ್ವನ ಮೇಲೆ ಸಿಟ್ಟು ಮಾಡಿದ್ದೆ.

ಮಗ್ಗದ ಮನೆಯಲ್ಲಿ ಹುಟ್ಟಿದವಳಲ್ಲದೆ ಬೇರೆ ಯಾರೂ ಈ ತಪ್ಪು ಮಾಡುವುದು ಸಾಧ್ಯವಿಲ್ಲ. ನಮ್ಮನ್ನು ತೊಟ್ಟಿಲಲ್ಲಿ ಮಲಗಿಸಿದ್ದೇ ಆ ಸದ್ದು. ಅದಕ್ಕೆ ನಾವು ಸದ್ದು ಎನ್ನುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗ ಮನೆಯವರೆಲ್ಲ ಎದ್ದು ಕೂರುತ್ತಿದ್ದೆವು. ಕರೆಂಟು ಹೋದಾಗ ನನ್ನ ಲೇಸರೂ ಹೋಗುತ್ತಿತ್ತು, ಅದಕ್ಕೇ ನನಗೆ ವ್ಯತ್ಯಾಸ ಗೊತ್ತಾಗಲು ದಾರಿಯೇ ಇರಲಿಲ್ಲ.

ಅಣ್ಣನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗ್ಗದ ನಡುವೆ ಬೆಳೆದು ಅವನ ಕಿವಿ ಮಂದ. ಮಾತು ಯಾವಾಗಲೂ ಕೂಗೇ.

“ಕಂಕುಳಾಗ ಕೂಸ ಇಟ್ಕೊಂಡ ಊರೆಲ್ಲಾ ಹುಡಿಕಿದ್ರಂತ! ಎಷ್ಟ ಕಲಿತಿಯವಾ ನೀನು! ಮಗ್ಗದ ಮಂದಿಗೆ ಮಗ್ಗ ಕೇಳಸೂದಿಲ್ಲ. ನಿಂತದ್ದಷ್ಟ ಕೇಳಸ್ತೈತಿ.”

“ನಗಬ್ಯಾಡಣ್ಣಾ. ಭಾನುವಾರ ಒಂದೆರಡ ತಾಸು ನಿಂದರಿಸಾಕ ಬರತೈತೇನು?”

ನಗು ನಿಂತಿತು. “ಭಾನುವಾರ? ದೊಡ್ಡ ಕಾರಖಾನಿ ಎಲ್ಲಾ ಬಂದ್ ಇರತಾವು, ಅವತ್ತ ಒಂದಿನಾ ಓಲ್ಟೇಜ್ ಚಲೋ ಬರತೈತಿ. ಅವತ್ತ ನಿಂದರಸು ಅಂತಿಯಲ್ಲ! ನಿಂದರಿಸಿದ ಮಗ್ಗ ತಿರಗಿ ಹಿಡಿಬೇಕಂದ್ರ ಎಷ್ಟ ಎಳಿ ಹರೀತಾವು ಗೊತ್ತೈತೇನ್ ನಿನಗ? ನಮ್ಮ ಮಗ್ಗ ಖಂಡೆನವಮಿಗೆ ನಿಂದರತಾವು, ಇಲ್ಲಾ ಮನ್ಯಾಗ ಹೆಣ ಬಿದ್ರ ನಿಂದರತಾವು.”

ಹೆಣದ ಮಾತು ಕೇಳಿ ಅವ್ವ ಒಳಗಿನಿಂದಲೇ ಬೈದಳು. ಅಣ್ಣನದು ಒರಟು ಮಾತು, ಆದರೆ ಸುಳ್ಳಲ್ಲ. ಅವನ ಕೆಲಸ ನಿಲ್ಲಿಸಿ ನನ್ನ ಕೆಲಸ ನಡೆಸು ಎನ್ನಲು ನನಗೆ ಯಾವ ಬಾಯಿ? ಖೋಲಿ ಕೊಟ್ಟಿದ್ದೇ ಹೆಚ್ಚು. ಖಂಡೆನವಮಿಗೆ, ಅಂದರೆ ಆಯುಧಪೂಜೆಯ ದಿನಕ್ಕೆ ಕಾಯುವುದೆಂದು ನಿರ್ಧರಿಸಿದೆ. ಅಷ್ಟರೊಳಗೆ ವಾರವಾರ ಬಂದು ಕನ್ನಡಿ ಅಂಟಿಸುತ್ತ, ಹಾಳಾದವನ್ನು ಬಿಸಾಡುತ್ತ, ಇದ್ದದ್ದರಲ್ಲಿ ಒಂದನ್ನು ಒಳ್ಳೆಯದೆಂದು ಎತ್ತಿಟ್ಟೆ.

ಖಂಡೆನವಮಿಯ ದಿನ ಬೆಳಿಗ್ಗೆ ಮಗ್ಗಗಳು ನಿಂತವು. ಅಣ್ಣ ಒಂದೊಂದನ್ನೂ ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಚೆಂಡುಹೂವಿನ ಸರ ಹಾಕಿ, ವಿಭೂತಿ ಬಳಿದ. ಅವ್ವ ಆರತಿ ತಟ್ಟೆ ಹಿಡಿದು ನನ್ನ ಖೋಲಿಗೂ ಬಂದಳು.

“ಅವ್ವಾ, ಊದಿನಕಡ್ಡಿ ಒಳಗ ತರಬ್ಯಾಡ. ಹೊಗಿ ಬಂದ್ರ ಕನ್ನಡಿ ಕೆಡತೈತಿ.”

“ಒಂದ ವಿಭೂತಿಯಾದ್ರೂ ಹಚ್ಚಾಕ ಬಿಡ್ತಿ ಇಲ್ಲ? ದುಡಿಯೂ ಸಾಮಾನಿಗೆ ಇವತ್ತ ಪೂಜಿ ಇಲ್ಲಂದ್ರ ಹೆಂಗ?”

ವಿಭೂತಿಯನ್ನು ನೀರಲ್ಲಿ ಕಲಸಿ, ಬೆರಳಿಂದ ಉಕ್ಕಿನ ಡಬ್ಬಿಯ ಹೊರಮೈಗೆ ಮೂರು ಗೆರೆ ಎಳೆಯಲು ಬಿಟ್ಟೆ. ಪುಡಿ ಹಾರಬಾರದೆಂದು ಅವಳು ಉಸಿರು ಬಿಗಿಹಿಡಿದೇ ಎಳೆದಳು. ಆ ಗೆರೆ ಈಗಲೂ ಇದೆ, ಅಳಿಸಲು ಮನಸ್ಸಾಗಿಲ್ಲ.

ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಅಡ್ಡಾದಾಗ ನಾನು ಕನ್ನಡಿಗೆ ಬೆಳಕಿನ ತಟ್ಟು ಕೊಟ್ಟೆ. ಬೆಳಕು ಎರಡು ಕನ್ನಡಿಗಳ ನಡುವೆ ನಿಂತಿತು. ನಿಂತೇ ಇತ್ತು. ಪರದೆಯ ಮೇಲೆ ಗೆರೆ ಎಡದಿಂದ ಬಲಕ್ಕೆ ಯಾವ ಅವಸರವೂ ಇಲ್ಲದೆ ಇಳಿಯಿತು, ನೇರವಾಗಿ. ಅದೇ ಕನ್ನಡಿ, ಅದೇ ಅಂಟು, ಅದೇ ಕೈ. ನನ್ನ ಕೆಲಸ ಮೊದಲಿಂದಲೂ ಸರಿಯೇ ಇತ್ತು. ಪ್ಲಾಸ್ಟಿಕ್ ಹಾಳೆಯ ನಡುವೆ ಒಬ್ಬಳೇ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸಂತೋಷ ಅನ್ನಬೇಕೋ ಸುಸ್ತು ಅನ್ನಬೇಕೋ, ಎರಡೂ ಇದ್ದವು.

ಗೆರೆಯ ಚಿತ್ರ ಕಳಿಸಿದೆ. ಅಲ್ಲಿಂದ ಸಂಜೆಯೇ ಉತ್ತರ ಬಂತು: ಬಹಳ ಚೆನ್ನಾಗಿದೆ, ಇದರ ಜೋಡಿ ಮಾಡಿ ಕಳಿಸಿ.

ಮರುದಿನ ದಸರೆ. ಸಂಜೆ ಅಣ್ಣ ಬನ್ನಿ ಎಲೆ ತಂದು ನನ್ನ ಕೈಯಲ್ಲಿಟ್ಟ. “ಬನ್ನಿ ತಗೊಂಡು ಬಂಗಾರದಂಗ ಇರೂಣವಾ.” ನಾನು ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಅವನು ಅಲ್ಲೇ ನಿಂತಿದ್ದ.

“ಇನ್ನ ಮ್ಯಾಲ ನಿನಗ ಭಾನುವಾರ ತ್ರಾಸ ಇಲ್ಲ. ಮಗ್ಗ ಗುಜರಿಯವಗ ಮಾತಾಡೇನಿ.”

“ಯಾವ ಮಗ್ಗ?”

“ಎಲ್ಲಾ.” ಅಷ್ಟು ಮೆತ್ತಗೆ ಅಣ್ಣ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. “ಕಾಮಗಾರರು ಊರ ಹೊರಗಿನ ಹೊಸಾ ಮಗ್ಗಕ್ಕ ಹೋದ್ರು. ಅಲ್ಲಿ ಲಾಳೀನ ಇಲ್ಲಂತ, ಅವ ನಾಕ ಪಟ್ಟ ಜೋರ ಓಡತಾವು. ನನಗೂ ಮೊಣಕಾಲ ನಿಲ್ಲವಲ್ದು. ಒಬ್ಬವ ಎಷ್ಟಂತ ಓಡ್ಯಾಡ್ಲಿ? ಒಂದ ಖಂಡೆನವಮಿ ಮಾಡಿ ಕಳಸೂಣು ಅಂತ ತಡದಿದ್ನಿ.”

ನನಗಾಗಿ ಎರಡು ತಾಸು ನಿಲ್ಲಿಸು ಎಂದಾಗಲೇ ಅವನಿಗೆ ಇದು ಗೊತ್ತಿತ್ತು. ಆದರೂ ಅವತ್ತು ಎಳೆ ಹರಿಯುವ ಲೆಕ್ಕ ಹೇಳಿದ್ದ.

ನಡುವಿನ ಭಾನುವಾರಗಳು ಕಾಲೇಜಿನ ಪರೀಕ್ಷೆಯ ಕೆಲಸದಲ್ಲಿ ಹೋದವು. ದೀಪಾವಳಿ ರಜೆಗೆ ನಾನು ಹೋಗುವಷ್ಟರಲ್ಲಿ ಶೆಡ್ಡು ಬರಿದಾಗಿತ್ತು. ಬಾಗಿಲ ಹತ್ತಿರದ ಒಂದು ಮಗ್ಗ ಮಾತ್ರ ಉಳಿದಿತ್ತು. ಟ್ರಕ್ಕಿನಲ್ಲಿ ಜಾಗ ಸಾಲಲಿಲ್ಲ, ಹಬ್ಬವಾದ ಮೇಲೆ ಬಂದು ಒಯ್ಯುತ್ತೇವೆ ಎಂದು ಹೇಳಿಹೋಗಿದ್ದರಂತೆ. ನೆಲದ ಮೇಲೆ ಮಗ್ಗದ ಕಾಲುಗಳಿದ್ದ ಜಾಗ ಸಾಲುಸಾಲಾಗಿ ಎಣ್ಣೆಗಪ್ಪು. ಅಣ್ಣ ಬೇರೆಯವರ ಶೆಡ್ಡಿನಲ್ಲಿ ಉಸ್ತುವಾರಿಗೆ ಒಪ್ಪಿಕೊಂಡಿದ್ದ. ಹಬ್ಬದ ನಂತರ ಹೋಗಬೇಕು. ಅಲ್ಲಿಯವರೆಗೆ ಆ ಖಾಲಿ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನಿಶ್ಶಬ್ದದಲ್ಲೂ ಕೂಗಿಯೇ ಮಾತಾಡುತ್ತಿದ್ದ.

ಅವ್ವನಿಗೆ ನಿದ್ದೆ ಹೋಗಿತ್ತು. ಹೋಗಿತ್ತು ಎಂದರೆ ಬಿಟ್ಟುಹೋಗಿತ್ತು. ಮೊದಲು ಮಧ್ಯಾಹ್ನದ ಊಟವಾದೊಡನೆ ಶೆಡ್ಡಿನ ಗೋಡೆಗೆ ತಾಗಿದ ಮಂಚದ ಮೇಲೆ ತಲೆ ಇಟ್ಟರೆ ಸಾಕಿತ್ತು. ಈಗ ಮಲಗುತ್ತಾಳೆ, ಏಳುತ್ತಾಳೆ. “ಕಿವ್ಯಾಗ ಗಾಳಿ ಹೊಕ್ಕಂಗ ಆಗತೈತವಾ” ಎನ್ನುತ್ತಾಳೆ. ಕಣ್ಣ ಕೆಳಗೆ ಕಪ್ಪಾಗಿತ್ತು. ಡಾಕ್ಟರು ಗುಳಿಗೆ ಕೊಟ್ಟಿದ್ದರು, ಅದು ನಾಟಲಿಲ್ಲ.

ನನಗಾದರೂ ಬಯಸಿದ್ದೆಲ್ಲ ಸಿಕ್ಕಿತಲ್ಲ ಎಂದುಕೊಂಡು ಜೋಡಿ ಕನ್ನಡಿಗೆ ಕೂತೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ರೆಪ್ಪೆಯ ಕೂದಲನ್ನು ಅಂಟಿಗೆ ಅದ್ದಿ ಪಟ್ಟಿಯ ಹತ್ತಿರ ತಂದೆ. ಕೈ ನಡುಗಿತು. ಹನಿ ಪಟ್ಟಿಯ ನಡುವೆ ಬಿತ್ತು. ಇನ್ನೊಂದು ಪಟ್ಟಿ ತೆಗೆದೆ. ಹನಿ ಸರಿಯಾಗಿ ಕೂತಿತು, ಕನ್ನಡಿ ಕೂರಿಸುವಾಗ ಕೈ ತಪ್ಪಿ ಓರೆಯಾಯಿತು. ಮರುದಿನ ಮತ್ತೆರಡು ಹೋದವು. ವಯಸ್ಸು ಎಂದುಕೊಂಡೆ. ಚಹಾ ಬಿಟ್ಟೆ. ಮಣಿಕಟ್ಟಿನ ಕೆಳಗೆ ಮರಳಿನ ಚೀಲ ಇಟ್ಟುಕೊಂಡೆ. ಉಸಿರು ಹಿಡಿದರೆ ಯಾವಾಗ ಬಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಯಾವಾಗ ಮುಟ್ಟಬೇಕು ಎಂಬುದೇ ಕೈಗೆ ಮರೆತುಹೋಗಿತ್ತು. ಕೊನೆಗೆ ಒಂದೇ ಒಂದು ಪಟ್ಟಿ ಉಳಿಯಿತು. ಹೊಸ ಪಟ್ಟಿಗಳನ್ನು ಪ್ರಯೋಗಾಲಯದವರಿಗೆ ಕೇಳಿದರೆ ವರ್ಷ ಮುಗಿದ ಮೇಲೇ ಬರುತ್ತವೆ, ಅಷ್ಟರಲ್ಲಿ ಲೇಸರು ವಾಪಸ್ಸು ಹೋಗಿರುತ್ತದೆ. ಆ ಪಟ್ಟಿಯನ್ನು ಮುಟ್ಟಲು ಹೆದರಿಕೆಯಾಗಿ, ಮುಚ್ಚಿಟ್ಟು, ಸುಮ್ಮನೆ ಕೂತೆ. ಹಣೇಬಾರ ಅನ್ನುವುದು ಇದಕ್ಕೇ ಇರಬೇಕು.

ಮರುದಿನ ಗುಜರಿಯವನು ಉಳಿದ ಮಗ್ಗದ ಮೋಟರು ಓಡುತ್ತದೆಯೇ ಎಂದು ನೋಡಲು ಬಂದ. ಅದನ್ನು ಬಿಡಿಯಾಗಿ ಮಾರುವ ವಿಚಾರ ಅವನದು. ಮಗ್ಗಕ್ಕೆ ಇನ್ನೂ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುಂಡೊಂದು ಇತ್ತು, ಅದನ್ನೇ ಹಿಡಿದು ಅಣ್ಣ ಸ್ವಿಚ್ಚು ಒತ್ತಿದ. ಖಟ್ ಖಟ್ ಖಟ್. ನಾನು ಆಗ ಹಾಳಾದ ಪಟ್ಟಿಯ ಮೇಲಿಂದ ಕನ್ನಡಿಯೊಂದನ್ನು ಬಿಡಿಸುತ್ತಿದ್ದೆ, ಅಂಟಿಸುವುದಕ್ಕಿಂತ ಕಷ್ಟದ ಕೆಲಸ ಅದು. ಕೂದಲಿನ ತುದಿ ಒಮ್ಮೆಲೇ ನಿಂತಿತು. ಎರಡು ಬಡಿತದ ನಡುವೆ ಒಂದು ಸಣ್ಣ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ನನ್ನ ಕೈ ತಾನಾಗಿ ಹೋಗಿ ಮುಟ್ಟಿ ಬಂತು. ಕನ್ನಡಿ ಕಳಚಿ ಬಂತು, ಒಂದು ಗೀರೂ ಇಲ್ಲದೆ. ಹುಡುಗಿಯಾಗಿದ್ದಾಗ ಅಪ್ಪನ ಮಗ್ಗದ ಪಕ್ಕ ಕೂತು, ಓಡುವ ಹಾಸಿನಲ್ಲಿ ಹರಿದ ಎಳೆಗೆ ಗಂಟು ಹಾಕುತ್ತಿದ್ದದ್ದು ಹೀಗೇ. ನಾನು ಸೊಕ್ಕಿನಿಂದ ನನ್ನದೆಂದುಕೊಂಡಿದ್ದ ಕೈ ಆ ಸದ್ದಿನದಾಗಿತ್ತು.

ಗುಜರಿಯವನು ಹೋದ ಮೇಲೆ ಅಣ್ಣನ ಬಳಿ ಹೋಗಿ ನಿಂತೆ. ಹೇಗೆ ಕೇಳಲಿ? ಶ್ರಾವಣದಲ್ಲಿ ನಿಲ್ಲಿಸು ಎಂದವಳು ಈಗ ಓಡಿಸು ಎನ್ನಬೇಕು.

“ಅಣ್ಣಾ, ನಾಳೆ ಮಧ್ಯಾಹ್ನ ಆ ಮಗ್ಗ ಒಂದಿಷ್ಟ ಓಡಸ್ತಿ?”

“ಹಾಸ ಇವತ್ತ ಮುಗದ ಹೋತಲ್ಲ! ಇದ್ದದ್ದ ತುಂಡು ಅದ ಒಂದ.”

“ನೂಲಿಲ್ಲದನ ಓಡಸು. ನನಗ ಸಪ್ಪಳಷ್ಟ ಬೇಕು. ಸಪ್ಪಳ ಇಲ್ಲಂದ್ರ ಕೈ ನಿಂದರವಲ್ದು.”

ಅವನು ಕುರ್ಚಿಯಿಂದ ಎದ್ದ. ನಮ್ಮ ಮನೆಯಲ್ಲಿ ಅಪ್ಪ ಇಟ್ಟುಹೋದ ಕಟ್ಟಳೆಗಳಲ್ಲಿ ಇದೇ ಎಲ್ಲಕ್ಕಿಂತ ಬಿಗಿ: ಖಾಲಿ ತೊಟ್ಟಿಲು ತೂಗಬಾರದು, ನೂಲಿಲ್ಲದ ಮಗ್ಗ ಓಡಿಸಬಾರದು. ಒಳಗಿನಿಂದ ಅವ್ವನ ದನಿ ಬಂತು. “ಹಂತಾದ್ದ ಕೇಳಬಾರದವಾ. ಕೆಟ್ಟ ಆಗತೈತಿ.”

ಅಣ್ಣ ಮಗ್ಗದ ಮರದ ಅಂಚನ್ನು ಸವರುತ್ತ ನಿಂತ. ಆಮೇಲೆ ಅವ್ವನಿಗೆ ಕೇಳುವ ಹಾಗೆ ಕೂಗಿದ. “ಇನ್ನೇನ್ ಕೆಟ್ಟ ಆಗೂದೈತಬೇ? ಇಪ್ಪತ್ತೈದ ಹೋದುವು. ಇದ ಒಂದಾದ್ರೂ ತಂಗಿ ಕೆಲಸಕ್ಕ ಬರಲಿ.” ನನ್ನ ಕಡೆ ತಿರುಗಿ, “ಲಾಳಿ ಖಾಲಿ ಹೊಡದ್ರ ಮರ ಸೀಳತೈತಿ ನೋಡು. ಭಾಳ ಹೊತ್ತ ಆಗೂದಿಲ್ಲ” ಎಂದ.

ಮರುದಿನ ಊಟವಾಯಿತು. ಅವ್ವ ಸಿಟ್ಟಿನಲ್ಲೇ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಶೆಡ್ಡಿಗೂ ಖೋಲಿಗೂ ನಡುವೆ ಒಂದು ಬಾಗಿಲಿದೆ. ಅದನ್ನು ತೆರೆದಿಟ್ಟು, ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕೂತೆ. ಅಣ್ಣ ಮಗ್ಗಕ್ಕೆ ಕೈ ಮುಗಿದು ಸ್ವಿಚ್ಚು ಒತ್ತಿದ.

ಖಾಲಿ ಮಗ್ಗದ ಸದ್ದು ಬೇರೆ. ನೂಲು ಇದ್ದಾಗ ಅದರಲ್ಲಿ ಒಂದು ಮೆತ್ತಗಿನ ಗುಣ ಇರುತ್ತದೆ, ಇದು ಬರೀ ಕಟ್ಟಿಗೆ ಕಬ್ಬಿಣದ ಸದ್ದು. ಆದರೂ ಲಯ ಅದೇ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕೊನೆಯ ಪಟ್ಟಿ. ಹನಿ ತುದಿಗೆ ಕೂತಿತು. ಕನ್ನಡಿಯನ್ನು ತಳ್ಳುತ್ತ ತಂದೆ. ಖಟ್ ಎಂದು ಆ ಕಡೆ, ಖಟ್ ಎಂದು ಈ ಕಡೆ. ನಡುವಿನ ಬಿಡುವಿನಲ್ಲಿ ಕೂರಿಸಿದೆ. ನೇರವಾಗಿ ಕೂತಿತು. ನೇರಳೆ ಬೆಳಕು ಬಿಟ್ಟೆ, ಅಂಟು ಗಟ್ಟಿಯಾಯಿತು. ಕನ್ನಡಿಯನ್ನು ಉಕ್ಕಿನ ಡಬ್ಬಿಗೆ ಹಾಕಿ ಮುಚ್ಚಿ ಪಂಪು ಹಚ್ಚಿದೆ. ಇಷ್ಟೆಲ್ಲ ಆದರೂ ಅಣ್ಣ ಮಗ್ಗ ನಿಲ್ಲಿಸಿರಲಿಲ್ಲ.

ಪರದೆ ಸರಿಸಿ ಬಾಗಿಲಲ್ಲಿ ನಿಂತೆ. ಈಗ ಪರೀಕ್ಷೆ ಮಾಡಬೇಕು, ಅದಕ್ಕೆ ಮಗ್ಗ ನಿಲ್ಲಲೇಬೇಕು. ಶೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ನಾವು ಕೈಸನ್ನೆಯಲ್ಲೇ ಮಾತಾಡಿ ಬೆಳೆದವರು. ಅಂಗೈ ಕೆಳಗೆ ಮಾಡಿ ಇಳಿಸಿದರೆ ನಿಲ್ಲಿಸು ಎಂದರ್ಥ. ನಾನು ಕೈ ಎತ್ತಿದೆ. ಅಣ್ಣ ನೋಡಿದ. ಸ್ವಿಚ್ಚಿನ ಮೇಲೆ ಅವನ ಬೆರಳು ಇತ್ತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ, ಇಳಿಸುವುದನ್ನು ಕಾಯುತ್ತಿದ್ದ. ಮನೆಯ ಕಡೆಯ ತೆರೆದ ಬಾಗಿಲಲ್ಲಿ ಅವ್ವನ ಮಂಚವೂ ಇಲ್ಲಿಂದಲೇ ಕಾಣುತ್ತಿತ್ತು. ಅವಳು ಈಚೆಗೆ ಹೊರಳಿ, ಬಾಯಿ ಅರೆತೆರೆದು, ಒಂದು ಕೈ ಕೆಳಗೆ ಇಳಿಬಿಟ್ಟು ಗಾಢವಾಗಿ ನಿದ್ದೆ ಹೋಗಿದ್ದಳು.

ಎತ್ತಿದ ಕೈ ಹಾಗೇ ಇತ್ತು. ಮಗ್ಗದ ಮರದಿಂದ ಸಣ್ಣಗೆ ಸೀಳುವ ಸದ್ದು ಬರತೊಡಗಿತು. ಇನ್ನು ಕಾಯುವಂತಿರಲಿಲ್ಲ. ಕೈ ಇಳಿಸಿದೆ. ಅಣ್ಣ ಸ್ವಿಚ್ಚು ಆರಿಸಿದ. ಲಾಳಿ ಇನ್ನೆರಡು ಸಲ ಓಡಾಡಿ ನಿಂತಿತು.

ಅವ್ವ ದಡಕ್ಕನೆ ಎದ್ದು ಕೂತಳು. ಕಣ್ಣು ಪೂರ್ತಿ ತೆರೆದಿರಲಿಲ್ಲ. ಕೈಯಿಂದ ಗೋಡೆ ಮುಟ್ಟಿ ನೋಡಿದಳು.

“ಯಾಕ ನಿಂದರಿಸಿದ್ರೋ?”

ಅಣ್ಣ ಹೆಗಲ ಮೇಲಿನ ಅರಿವೆ ತೆಗೆದು ಮಗ್ಗ ಒರೆಸುತ್ತಿದ್ದ.

“ಕೆಲಸ ಮುಗೀತವ್ವಾ” ಎಂದೆ ನಾನು. ಆಮೇಲೆ ಒಳಗೆ ಹೋಗಿ ಕನ್ನಡಿಗೆ ಬೆಳಕು ಬಿಟ್ಟೆ. ಗೆರೆ ನೇರವಾಗಿ ಇಳಿಯಿತು.